ದೂರವನ್ನು ಅಳೆದ ಲ್ಯಾಂಬ್ಟನ್

ಮಂಗಳೂರಿನ ಸಮೀಪದಲ್ಲಿ, ಕೆಂಜಾರು ಗುಡ್ಡದ ನೆತ್ತಿಯ ಮೇಲೆ ವಿಮಾನ ನಿಲ್ದಾಣವೊಂದಿದೆ. ಅಲ್ಲಿಂದ ಪೂರ್ವಾಭಿಮುಖವಾಗಿ ಹೊರಡುವ ವಿಮಾನವು ಹೆಚ್ಚುಕಡಿಮೆ ಒಂದೂವರೆ ಗಂಟೆಯಲ್ಲಿ ಚೆನ್ನೈ ನಗರವನ್ನು ಮುಟ್ಟುತ್ತದೆ. ಆ ನೇರ ದಾರಿಯ ಬಲಭಾಗಕ್ಕೆ ಪುತ್ತೂರು, ಕಡಬ, ಸುಳ್ಯಗಳ ಅಡಕೆ ತೋಟಗಳು ಹಸುರು ಹಾಸಿದಂತೆ ಹರಡಿಕೊಂಡಿವೆ. ಮುಂದೆ ಪಶ್ಚಿಮಘಟ್ಟಗಳ ಕೋಡುಗಳು, ಅವುಗಳಾಚೆ ಮೈಸೂರು ಸೀಮೆಯ ಬಯಲು, ಕೊನೆಗೆ ಪೂರ್ವ ಸಮುದ್ರದ ತೀರ. ಈ ಎರಡು ನಿಲ್ದಾಣಗಳ ನಡುವಿನ ನೇರ ದೂರ ಸುಮಾರು 575 ಕಿಲೋಮೀಟರುಗಳು. ಅದೇ ಪ್ರಯಾಣವನ್ನು ರೈಲಿನಲ್ಲಿ ಮಾಡುವವರು ಪಾಲಕ್ಕಾಡಿನ ಕಣಿವೆಯನ್ನು ಬಳಸಿ, ಸುಮಾರು 900 ಕಿಲೋಮೀಟರು ಸಾಗಿ, ಇಡೀ ಒಂದು ರಾತ್ರಿಯನ್ನೂ ಹಗಲಿನ ಕೆಲಭಾಗವನ್ನೂ ಕಳೆಯಬೇಕಾಗುತ್ತದೆ.

ರೈಲು ದಾರಿಯ ದೂರವನ್ನು ಹಳಿಗಳನ್ನು ಅಳೆದು ಹೇಳಬಹುದು. ರಸ್ತೆಯ ದೂರವನ್ನು ಮೈಲಿಗಲ್ಲುಗಳನ್ನು ಎಣಿಸಿ ಹೇಳಬಹುದು. ಆದರೆ ಬಾನಿನಲ್ಲಿ ಹಳಿಗಳಿಲ್ಲ, ಮೈಲಿಗಲ್ಲುಗಳೂ ಇಲ್ಲ. ಬೆಟ್ಟವನ್ನು ಏರದೆ, ಕಾಡನ್ನು ಬಳಸದೆ, ಹೊಳೆಯನ್ನು ದಾಟದೆ ಸಾಗುವ ಆ ನೇರ ರೇಖೆಯ ಉದ್ದವನ್ನು ಮನುಷ್ಯನು ತಿಳಿದುದಾದರೂ ಹೇಗೆ? ವಿಮಾನವು ಹುಟ್ಟುವುದಕ್ಕೆ ಸುಮಾರು ನೂರು ವರ್ಷಗಳ ಮೊದಲೇ ಈ ಪ್ರಶ್ನೆಯನ್ನು ಎತ್ತಿಕೊಂಡು, ಮದರಾಸಿನಿಂದ ಮಂಗಳೂರಿನವರೆಗೆ ಅದಕ್ಕೆ ಉತ್ತರವನ್ನು ಕಂಡುಕೊಂಡ ಸಾಧಕನು ವಿಲಿಯಂ ಲ್ಯಾಂಬ್ಟನ್.

ಲ್ಯಾಂಬ್ಟನ್ನನು ಸುಮಾರು 1753ರಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಕ್ರಾಸ್ಬಿ ಗ್ರೇಂಜ್ ಎಂಬ ಹಳ್ಳಿಗಾಡಿನಲ್ಲಿ ಬಡ ಕುಟುಂಬವೊಂದರಲ್ಲಿ ಹುಟ್ಟಿದನು. ಓದಿನಲ್ಲಿ ಚುರುಕಾಗಿದ್ದ ಬಾಲಕನಿಗೆ ಊರವರ ನೆರವಿನಿಂದ ಶಾಲೆಯ ಶಿಕ್ಷಣ ದೊರೆಯಿತು. ಗಣಿತವು ಅವನ ಮನಸ್ಸನ್ನು ಸೆಳೆದ ವಿಷಯ. ಬೆಳೆದಂತೆ ಜೀವನೋಪಾಯಕ್ಕಾಗಿ ಸೇನೆಯನ್ನು ಸೇರಿದನು. ಸೇನೆಯ ಕೆಲಸವು ಅವನನ್ನು ಅಟ್ಲಾಂಟಿಕ್ ಸಾಗರದಾಚೆಯ ಉತ್ತರ ಅಮೆರಿಕಕ್ಕೆ ಕರೆದೊಯ್ದಿತು. ಅಲ್ಲಿನ ನ್ಯೂ ಬ್ರನ್ಸ್‌ವಿಕ್ ಪ್ರಾಂತದಲ್ಲಿ, ಹೊಸದಾಗಿ ನೆಲೆಸಲು ಬಂದವರಿಗೆ ಭೂಮಿಯನ್ನು ಅಳೆದು ಹಂಚುವ ಕೆಲಸದಲ್ಲಿಯೂ ಸೇನೆಯ ವಸತಿಗಳ ಮೇಲ್ವಿಚಾರಣೆಯಲ್ಲಿಯೂ ಹದಿಮೂರು ವರ್ಷಗಳನ್ನು ಕಳೆದನು. ಹಿಮ ಕವಿದ ಆ ಏಕಾಂತದಲ್ಲಿ ಅವನಿಗೆ ಜೊತೆಯಾದವು ಪುಸ್ತಕಗಳು. ಹಗಲಿನ ಕೆಲಸ ಮುಗಿದೊಡನೆ ಜ್ಯಾಮಿತಿ, ಖಗೋಳಶಾಸ್ತ್ರ, ಭೂಮಾಪನಗಳ ಗ್ರಂಥಗಳನ್ನು ತೆರೆದು ಕುಳಿತುಕೊಳ್ಳುತ್ತಿದ್ದನು. ಹೇಳಿಕೊಡುವ ಗುರುಗಳಾಗಲಿ ಚರ್ಚಿಸುವ ಗೆಳೆಯರಾಗಲಿ ಅಲ್ಲಿರಲಿಲ್ಲ. ಒಮ್ಮೆ ಸೂರ್ಯಗ್ರಹಣವನ್ನು ಸರಿಯಾದ ರಕ್ಷಣೆಯಿಲ್ಲದೆ ವೀಕ್ಷಿಸಿದುದರಿಂದ ಅವನ ಎಡಗಣ್ಣಿನ ದೃಷ್ಟಿಯು ಕೆಟ್ಟುಹೋಯಿತು. ಮುಂದೆ ಭರತಖಂಡದ ಬೆಟ್ಟಗಳನ್ನು ದೂರದರ್ಶಕದಲ್ಲಿ ನೋಡಿ ಕೋನಗಳನ್ನು ಅಳೆದುದೆಲ್ಲ ಉಳಿದ ಒಂದೇ ಕಣ್ಣಿನಿಂದ ಎಂಬುದು ಗಮನಿಸಬೇಕಾದ ಸಂಗತಿ.

ಹದಿನೆಂಟನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಲ್ಯಾಂಬ್ಟನ್ನನ ಪಡೆಯು ಭಾರತಕ್ಕೆ ಬಂದಿತು. ಆಗ ಅವನಿಗೆ ನಲವತ್ತು ದಾಟಿತ್ತು. ಹೆಸರಾಗಲಿ ಹಣವಾಗಲಿ ಇರಲಿಲ್ಲ. 1799ರಲ್ಲಿ ಟಿಪ್ಪು ಸುಲ್ತಾನನ ಮೇಲೆ ನಡೆದ ಕೊನೆಯ ಯುದ್ಧದಲ್ಲಿ ಅವನು ಶ್ರೀರಂಗಪಟ್ಟಣದ ಬಳಿಯಲ್ಲಿದ್ದನು. ಒಂದು ರಾತ್ರಿ ಜನರಲ್ ಬೇರ್ಡ್ ಎಂಬವನ ಮುಂದಾಳುತನದಲ್ಲಿ ದಳವೊಂದು ಕತ್ತಲಲ್ಲಿ ಸಾಗುತ್ತಿತ್ತು. ಆಕಾಶದ ನಕ್ಷತ್ರಗಳನ್ನು ನೋಡಿದ ಲ್ಯಾಂಬ್ಟನ್ನನಿಗೆ, ತಾವು ದಾರಿ ತಪ್ಪಿ ಎದುರಾಳಿಯ ಪಾಳೆಯದ ಕಡೆಗೇ ನಡೆಯುತ್ತಿರುವುದು ತಿಳಿಯಿತು. ಅವನು ಇದನ್ನು ಅರಿಕೆ ಮಾಡಿದಾಗ ಮೇಲಧಿಕಾರಿಗೆ ನಂಬಿಕೆ ಬರಲಿಲ್ಲ. ಕೊನೆಗೆ ಬೆಳಕು ಮಾಡಿ ದಿಕ್ಸೂಚಿಯನ್ನು ನೋಡಿದಾಗ ನಕ್ಷತ್ರಗಳ ಮಾತೇ ನಿಜವೆಂದು ಸಿದ್ಧವಾಯಿತು. ಹಲವು ವರ್ಷಗಳ ಮೌನವಾದ ಅಧ್ಯಯನವು ಹೀಗೆ ಆ ರಾತ್ರಿ ಒಂದು ದಳವನ್ನು ಅಪಾಯದಿಂದ ಪಾರುಮಾಡಿತು.

ಆ ಯುದ್ಧದ ಬಳಿಕ ಮೈಸೂರು ಸೀಮೆಯ ಕೆಲವು ಭಾಗಗಳೂ ಕನ್ನಡ ಜಿಲ್ಲೆಯ ಕರಾವಳಿಯೂ ಈಸ್ಟ್ ಇಂಡಿಯಾ ಕಂಪೆನಿಯ ಕೈಸೇರಿದವು. ಹೊಸ ಒಡೆಯರಿಗೆ ತಾವು ಗೆದ್ದ ನೆಲದ ಸರಿಯಾದ ಭೂಪಟ ಬೇಕಾಗಿತ್ತು. ಕಾಲಿನ್ ಮೆಕೆಂಝಿಯು ಮೈಸೂರು ರಾಜ್ಯದ ಊರು, ಕೆರೆ, ದಾರಿಗಳನ್ನು ಗುರುತಿಸಿ, ಜೊತೆಜೊತೆಗೆ ಶಾಸನಗಳನ್ನೂ ಕೈಫಿಯತ್ತುಗಳನ್ನೂ ಸಂಗ್ರಹಿಸುವ ಕಾರ್ಯವನ್ನು ಕೈಗೊಂಡನು. ಲ್ಯಾಂಬ್ಟನ್ನನು ಮುಂದಿಟ್ಟ ಯೋಜನೆ ಬೇರೆಯ ಬಗೆಯದು. ಪೂರ್ವ ಸಮುದ್ರದಿಂದ ಪಶ್ಚಿಮ ಸಮುದ್ರದವರೆಗೆ, ಮದರಾಸಿನಿಂದ ಮಂಗಳೂರಿನವರೆಗೆ, ತ್ರಿಕೋನಗಳ ಒಂದು ಸಾಲನ್ನು ಹೆಣೆದು ನೆಲದ ಅಗಲವನ್ನು ಲೆಕ್ಕಹಾಕಬೇಕು. ಉಳಿದ ಭೂಪಟಗಳೆಲ್ಲ ಆ ಗಟ್ಟಿ ಚೌಕಟ್ಟಿನೊಳಗೆ ಕುಳಿತುಕೊಳ್ಳಬೇಕು ಎಂಬುದು ಅವನ ಸೂಚನೆ. ಇದರ ಹಿಂದೆ ಇನ್ನೂ ದೊಡ್ಡ ಆಸೆಯೊಂದಿತ್ತು. ಭೂಮಿಯು ಪೂರ್ಣ ಗೋಲವಲ್ಲ, ಧ್ರುವಗಳಲ್ಲಿ ತುಸು ಚಪ್ಪಟೆಯಾಗಿದೆ ಎಂದು ನ್ಯೂಟನ್ ತರ್ಕಿಸಿದ್ದನು. ಹಾಗಿದ್ದರೆ ಅಕ್ಷಾಂಶದ ಒಂದು ಡಿಗ್ರಿಯ ಉದ್ದವು ಭೂಮಧ್ಯರೇಖೆಯ ಬಳಿ ಕಡಿಮೆಯಾಗಿಯೂ ಧ್ರುವಗಳ ಬಳಿ ಹೆಚ್ಚಾಗಿಯೂ ಇರಬೇಕು. ಫ್ರೆಂಚ್ ವಿದ್ವಾಂಸರು ಪೆರುವಿನಲ್ಲಿಯೂ ಲ್ಯಾಪ್‌ಲೆಂಡಿನಲ್ಲಿಯೂ ಅಳೆದು ಇದನ್ನು ತೋರಿಸಿಕೊಟ್ಟಿದ್ದರು. ಆದರೆ ಆ ಚಪ್ಪಟೆತನದ ಪ್ರಮಾಣ ಎಷ್ಟು ಎಂಬುದು ಇನ್ನೂ ನಿಷ್ಕರ್ಷೆಯಾಗಿರಲಿಲ್ಲ. ದಕ್ಷಿಣ ಭಾರತದಲ್ಲಿ ಅಳೆದು ಆ ಪ್ರಶ್ನೆಗೆ ತನ್ನ ಪಾಲಿನ ಉತ್ತರವನ್ನು ಕೊಡಬೇಕೆಂದು ಲ್ಯಾಂಬ್ಟನ್ ಬಯಸಿದನು.

ಎಲ್ಲರಿಗೂ ಇದು ಹಿಡಿಸಲಿಲ್ಲ. ಇಷ್ಟೊಂದು ಹಣವನ್ನು ಏಕೆ ಚೆಲ್ಲಬೇಕೆಂದು ಮದರಾಸಿನ ಹಣಕಾಸಿನ ಅಧಿಕಾರಿಯೊಬ್ಬನು ಆಕ್ಷೇಪಿಸಿದನು. ಶ್ರೀರಂಗಪಟ್ಟಣಕ್ಕೆ ಹೋಗಬೇಕೆನ್ನುವವನು ಪಲ್ಲಕ್ಕಿ ಹೊರುವ ಬೋಯಿಗಳಿಗೆ ಹೇಳಿದರೆ ಸಾಕು, ಅವರು ತಪ್ಪದೆ ಮುಟ್ಟಿಸುತ್ತಾರೆ. ಹೀಗಿರುವಾಗ ಆ ಊರು ಭೂಮಿಯ ಮೇಲೆ ಎಲ್ಲಿದೆಯೆಂದು ಲೆಕ್ಕ ಮಾಡುವುದೇಕೆ ಎಂಬುದು ಅವನ ವಾದವಾಗಿತ್ತು. ಪ್ರಯಾಣದ ಕಾಲವನ್ನು ಬಲ್ಲವನಿಗೆ ಪ್ರಯಾಣದ ದೂರವನ್ನು ತಿಳಿಯುವ ಅಗತ್ಯವಿಲ್ಲವೆಂದು ಅವನು ಭಾವಿಸಿದ್ದನು. ಆದರೆ ಹಳೆಯ ಭೂಪಟಗಳು ಕೆಟ್ಟುದೇ ಇದರಿಂದ. ಇಷ್ಟು ದಿನ ನಡೆದೆವು, ಆದ್ದರಿಂದ ಇಷ್ಟು ದೂರ ಎಂಬ ಅಂದಾಜಿನಲ್ಲಿ ದಾರಿಯ ತಿರುವುಗಳೂ ಏರಿಳಿತಗಳೂ ಸೇರಿಕೊಂಡು ದೂರವು ಹಿಗ್ಗುತ್ತಿತ್ತು. ಕೊನೆಗೆ ಲ್ಯಾಂಬ್ಟನ್ನನ ಪಡೆಯ ಮುಖ್ಯಸ್ಥನಾಗಿದ್ದ ಆರ್ಥರ್ ವೆಲ್ಲೆಸ್ಲಿಯೇ ಮೊದಲಾದವರ ಬೆಂಬಲದಿಂದ ಯೋಜನೆಗೆ ಒಪ್ಪಿಗೆ ದೊರೆಯಿತು.

ಇಂತಹ ಕೆಲಸಕ್ಕೆ ತಕ್ಕ ಉಪಕರಣಗಳು ಬೇಕಷ್ಟೆ. ಚೀನಾ ದೇಶದ ಚಕ್ರವರ್ತಿಗೆ ಕಾಣಿಕೆಯಾಗಿ ಕೊಂಡೊಯ್ದು, ಅಲ್ಲಿ ಸ್ವೀಕೃತವಾಗದೆ ಉಳಿದಿದ್ದ ಉಕ್ಕಿನ ಅಳತೆಯ ಸರಪಣಿಯೊಂದು ಲ್ಯಾಂಬ್ಟನ್ನನ ಕೈಸೇರಿತು. ಕೋನಗಳನ್ನು ಅಳೆಯುವ ಥಿಯೊಡೊಲೈಟ್ ಎಂಬ ದೊಡ್ಡ ಯಂತ್ರವನ್ನು ಲಂಡನ್ನಿನಲ್ಲಿ ಮಾಡಿಸಲಾಯಿತು. ಅದರ ತೂಕ ಸುಮಾರು ಅರ್ಧ ಟನ್. ಅದನ್ನು ತರುತ್ತಿದ್ದ ಹಡಗನ್ನು ಫ್ರೆಂಚರು ಸಮುದ್ರದಲ್ಲಿ ಸೆರೆಹಿಡಿದು ಮಾರಿಷಸ್ ದ್ವೀಪಕ್ಕೆ ಒಯ್ದರು. ಆದರೆ ಯಂತ್ರವು ಯಾವ ಉದ್ದೇಶಕ್ಕಾಗಿ ಹೊರಟಿದೆಯೆಂದು ತಿಳಿದೊಡನೆ ಅಲ್ಲಿನ ಫ್ರೆಂಚ್ ಅಧಿಪತಿಯು ಅದನ್ನು ಗೌರವಪೂರ್ವಕವಾಗಿ ಮದರಾಸಿಗೆ ಕಳುಹಿಸಿಕೊಟ್ಟನು. ಯುದ್ಧ ಕಾಲದಲ್ಲಿಯೂ ವಿದ್ಯೆಗೆ ಸಂದ ಈ ಮನ್ನಣೆಯು ಮೆಚ್ಚತಕ್ಕದ್ದು.

1802ರ ಏಪ್ರಿಲ್ 10ರಂದು ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿಯ ಬಯಲಿನಲ್ಲಿ ಕಾರ್ಯವು ಆರಂಭವಾಯಿತು. ಮೊದಲು ನೆಲದ ಮೇಲೆ ಏಳೂವರೆ ಮೈಲಿ ಉದ್ದದ ಒಂದು ಆಧಾರ ರೇಖೆಯನ್ನು ಅಳೆಯಬೇಕಾಗಿತ್ತು. ನೂರು ಅಡಿಯ ಸರಪಣಿಯನ್ನು ಮರದ ತೊಟ್ಟಿಗಳಲ್ಲಿ ಮಟ್ಟಸವಾಗಿ ಹಾಸಿ, ಉಷ್ಣಮಾಪಕಗಳನ್ನಿಟ್ಟು, ಬಿಸಿಲಿಗೆ ಲೋಹವು ಎಷ್ಟು ಹಿಗ್ಗಿದೆಯೆಂದು ಪ್ರತಿಸಲವೂ ಲೆಕ್ಕಹಾಕಿ ಮುಂದುವರಿಯಬೇಕು. ಹೀಗೆ ಸುಮಾರು 400 ಬಾರಿ ಸರಪಣಿಯನ್ನು ಎತ್ತಿ ಇರಿಸಲಾಯಿತು. ಮದರಾಸಿನ ಬೇಸಗೆಯಲ್ಲಿ ವಾರಗಟ್ಟಲೆ ನಡೆದ ಈ ಕೆಲಸವನ್ನು ನೋಡಿದವರಿಗೆ ಅದು ಹುಚ್ಚಾಟವೆಂದು ತೋರಿದ್ದರೆ ಆಶ್ಚರ್ಯವಿಲ್ಲ. ಆದರೆ ಮನೆಯ ತಳಪಾಯದಲ್ಲಿ ಒಂದಂಗುಲ ಓರೆಯಾದರೆ ಮಾಳಿಗೆಯಲ್ಲಿ ಅದು ಹತ್ತಂಗುಲವಾಗಿ ಕಾಣುತ್ತದೆ. ಆಧಾರ ರೇಖೆಯೂ ಅಂತಹ ತಳಪಾಯವೇ ಸರಿ.

ಒಂದು ರೇಖೆಯಿಂದ ನೂರಾರು ಮೈಲಿಗಳ ದೂರವು ತಿಳಿಯುವ ಬಗೆಯನ್ನು ಒಂದು ಉದಾಹರಣೆಯಿಂದ ಅರಿಯಬಹುದು. ಪುತ್ತೂರಿಗೆ ಹತ್ತಿರದ ಉಪ್ಪಿನಂಗಡಿಯಲ್ಲಿ ನೇತ್ರಾವತಿಯೂ ಕುಮಾರಧಾರೆಯೂ ಸಂಗಮಿಸುತ್ತವೆ. ಮಳೆಗಾಲದಲ್ಲಿ ತುಂಬಿ ಹರಿಯುವ ಹೊಳೆಯ ಅಗಲವನ್ನು ಹಗ್ಗ ಹಿಡಿದು ಅಳೆಯಲು ಸಾಧ್ಯವಿಲ್ಲ. ಆದರೆ ಈಚೆ ದಡದಲ್ಲಿ ಎರಡು ಗೂಟಗಳನ್ನು ನೆಟ್ಟು, ಅವುಗಳ ನಡುವಿನ ದೂರವನ್ನು ಅಳೆದು, ಪ್ರತಿಯೊಂದು ಗೂಟದಿಂದಲೂ ಆಚೆ ದಡದ ಮರವೊಂದು ಯಾವ ಕೋನದಲ್ಲಿ ಕಾಣುತ್ತದೆಂದು ಗುರುತಿಸಿಕೊಂಡರೆ ಒಂದು ತ್ರಿಕೋನವು ದೊರೆಯುತ್ತದೆ. ಒಂದು ಬಾಹುವೂ ಎರಡು ಕೋನಗಳೂ ತಿಳಿದ ಮೇಲೆ ಉಳಿದ ಬಾಹುಗಳನ್ನು ಗಣಿತದಿಂದ ಪಡೆಯಬಹುದು. ನೀರಿಗೆ ಕಾಲಿಡದೆಯೇ ಹೊಳೆಯ ಅಗಲವು ಕೈವಶವಾಗುತ್ತದೆ. ಹೀಗೆ ಪಡೆದ ಬಾಹುವನ್ನೇ ಹೊಸ ಆಧಾರವಾಗಿಟ್ಟುಕೊಂಡು ಮುಂದಿನ ತ್ರಿಕೋನವನ್ನು, ಅದರ ಮೇಲೆ ಇನ್ನೊಂದನ್ನು ಕಟ್ಟುತ್ತ ಹೋಗಬಹುದು. ಲ್ಯಾಂಬ್ಟನ್ ಗೂಟಗಳ ಬದಲಿಗೆ ಬೆಟ್ಟಗಳನ್ನು ಬಳಸಿದನು. ಒಂದು ಶಿಖರದಲ್ಲಿ ಯಂತ್ರ, ಇನ್ನೊಂದರಲ್ಲಿ ಬಾವುಟ. ಕತ್ತಲಾದರೆ ಬಾವುಟದ ಸ್ಥಾನದಲ್ಲಿ ದೀಪ. ಕೋಲಾರದ ಬೆಟ್ಟವಾಯಿತು, ಸಾವನದುರ್ಗವಾಯಿತು, ತ್ರಿಕೋನಗಳ ಸಾಲು ಪಶ್ಚಿಮಕ್ಕೆ ಸರಿಯಿತು.

ತನ್ನ ಲೆಕ್ಕವನ್ನು ತಾನೇ ನಂಬಿ ಕುಳಿತುಕೊಳ್ಳುವ ಸ್ವಭಾವ ಲ್ಯಾಂಬ್ಟನ್ನನದಲ್ಲ. ಮದರಾಸಿನಿಂದ ಸುಮಾರು 160 ಮೈಲಿ ಸಾಗಿದ ಮೇಲೆ, 1804ರಲ್ಲಿ ಬೆಂಗಳೂರಿನ ಬಳಿ ಎರಡನೆಯ ಆಧಾರ ರೇಖೆಯನ್ನು ನೆಲದ ಮೇಲೆ ಸರಪಣಿಯಿಂದ ಅಳೆಸಿದನು. ಕೋಲಾರದ ಚಿನ್ನದ ನೆಲೆಗಳನ್ನು ಪರಿಶೀಲಿಸಿದವನೆಂದು ಹೆಸರಾದ ವಾರೆನ್ ಎಂಬ ಅಧಿಕಾರಿಯೇ ಈ ಅಳತೆಯನ್ನು ನಡೆಸಿದವನು. ತ್ರಿಕೋನಗಳ ಗಣಿತವು ಹೇಳಿದ ಉದ್ದಕ್ಕೂ ಸರಪಣಿಯು ತೋರಿಸಿದ ಉದ್ದಕ್ಕೂ ಇದ್ದ ವ್ಯತ್ಯಾಸ ನಾಲ್ಕು ಅಂಗುಲವೂ ಅಲ್ಲ, ಕೇವಲ 3.7 ಅಂಗುಲ! ಬಿಸಿಲು, ಗಾಳಿ, ಮಂಜು, ಅರ್ಧ ಟನ್ನಿನ ಯಂತ್ರದ ಸಾಗಾಟ ಇವೆಲ್ಲವನ್ನೂ ದಾಟಿ ಬಂದ ಲೆಕ್ಕವೊಂದು ಒಂದು ಗೇಣಿನೊಳಗೆ ನಿಂತಿತ್ತು.

ಮುಂದೆ ಎದುರಾದುವು ಪಶ್ಚಿಮಘಟ್ಟಗಳು. ಚಾರ್ಮಾಡಿಯ ಬಳಿಯ ಬಲ್ಲಾಳರಾಯನದುರ್ಗ, ಕೊಡಗಿನ ತಡಿಯಂಡಮೋಳ್ ಮೊದಲಾದ ಶಿಖರಗಳನ್ನು ಲ್ಯಾಂಬ್ಟನ್ನನು ತನ್ನ ತ್ರಿಕೋನಗಳ ಮೂಲೆಗಳಾಗಿ ಮಾಡಿಕೊಂಡನು. ಈ ಎರಡು ಎತ್ತರಗಳ ನಡುವಿನ ತಗ್ಗಿನಲ್ಲಿಯೇ ಇಂದಿನ ಕಡಬ, ಸುಳ್ಯ, ಪುತ್ತೂರುಗಳ ನಾಡು ಇದೆ. ಆಗ ಈ ಘಟ್ಟದ ಬುಡದಲ್ಲಿದ್ದುದು ದಟ್ಟವಾದ ಕಾಡು, ಕಾಲುದಾರಿ, ಜಿಗಣೆ, ಚಳಿಜ್ವರ. ಮಳೆಗಾಲ ಬಂದರೆ ಬೆಟ್ಟಗಳೆಲ್ಲ ತಿಂಗಳುಗಟ್ಟಲೆ ಮೋಡದೊಳಗೆ ಅಡಗುತ್ತಿದ್ದವು. ಯಂತ್ರವನ್ನು ಶಿಖರಕ್ಕೆ ಏರಿಸಿದರೂ ಎದುರಿನ ಬಾವುಟವು ಕಾಣುವವರೆಗೆ ಕಾಯದೆ ಗತ್ಯಂತರವಿರಲಿಲ್ಲ. ಸಹಾಯಕನಾಗಿದ್ದ ಹೆನ್ರಿ ಕೇಟರ್ ಎಂಬ ಪ್ರತಿಭಾವಂತ ಯುವಕನ ಆರೋಗ್ಯವು ಈ ಶ್ರಮದಲ್ಲಿ ಕೆಟ್ಟು, ಅವನು ಸ್ವದೇಶಕ್ಕೆ ಮರಳಬೇಕಾಯಿತು. ಲೋಲಕದ ಸಂಶೋಧನೆಯಿಂದ ಮುಂದೆ ಅವನು ಕೀರ್ತಿಶಾಲಿಯಾದನು. ಆದರೆ ಯಂತ್ರವನ್ನು ಹೆಗಲ ಮೇಲೆ ಹೊತ್ತು ಬೆಟ್ಟವೇರಿದವರು, ಕಾಡು ಕಡಿದು ದಾರಿ ಮಾಡಿದವರು, ನಿರ್ಜನ ಶಿಖರದಲ್ಲಿ ಬಾವುಟವನ್ನೂ ದೀಪವನ್ನೂ ಕಾದು ಕುಳಿತವರು ಈ ದೇಶದ ಜನರು. ಅವರ ಹೆಸರುಗಳು ಯಾವ ಭೂಪಟದಲ್ಲಿಯೂ ಇಲ್ಲ. ಲ್ಯಾಂಬ್ಟನ್ನನ ಕೀರ್ತಿಯಲ್ಲಿ ಅವರ ಪಾಲೂ ಇದೆಯೆಂಬುದನ್ನು ಮರೆಯಲಾಗದು.

ಊರಿನ ಜನರು ಈ ಕೆಲಸವನ್ನು ಶಂಕೆಯಿಂದ ನೋಡಿದ್ದರೆ ಅದು ಸಹಜವೇ. ನೆಲವನ್ನು ಅಳೆಯುವವರ ಹಿಂದೆಯೇ ಕಂದಾಯವನ್ನು ಕೇಳುವವರು ಬರುತ್ತಾರೆಂಬುದು ರೈತನ ಅನುಭವ. ಕಂಪೆನಿಗೆ ಭೂಪಟ ಬೇಕಾದುದು ಆಳುವುದಕ್ಕಾಗಿ. ಮೂರು ದಶಕಗಳ ಬಳಿಕ, 1837ರಲ್ಲಿ, ಇದೇ ಸುಳ್ಯ, ಪುತ್ತೂರುಗಳ ರೈತರು ಕಂದಾಯದ ಹೊರೆಯನ್ನು ತಾಳಲಾರದೆ ಕಂಪೆನಿಯ ಆಡಳಿತದ ವಿರುದ್ಧ ಎದ್ದು ಮಂಗಳೂರಿನವರೆಗೆ ನಡೆದರು. ಜ್ಞಾನಕ್ಕಾಗಿ ದುಡಿದವನ ಫಲವನ್ನು ಅಧಿಕಾರವು ತನ್ನ ಕೆಲಸಕ್ಕೆ ಬಳಸಿಕೊಂಡಿತೆಂಬುದು ನಿಜ. ಆದರೆ ಆ ಅಧಿಕಾರವು ಅಳಿದುಹೋದ ಮೇಲೂ ಆ ಜ್ಞಾನವು ಉಳಿದಿದೆ ಎಂಬುದೂ ಅಷ್ಟೇ ನಿಜ.

1806ರ ವೇಳೆಗೆ ತ್ರಿಕೋನಗಳ ಸಾಲು ಮಂಗಳೂರಿನ ಕಡಲತೀರವನ್ನು ಮುಟ್ಟಿತು. ಅಂದಿನ ಹೆಸರಾಂತ ಭೂಪಟಗಳು ಎರಡು ಸಮುದ್ರಗಳ ನಡುವಿನ ನೆಲದ ಅಗಲವನ್ನು ಸುಮಾರು 400 ಮೈಲಿಗಳೆಂದು ತೋರಿಸುತ್ತಿದ್ದವು. ಲ್ಯಾಂಬ್ಟನ್ನನ ಲೆಕ್ಕದಂತೆ ಅದು ಸುಮಾರು 360 ಮೈಲಿ ಮಾತ್ರ. ಅರ್ಥಾತ್, ಭೂಪಟದಲ್ಲಿದ್ದ ನಲವತ್ತು ಮೈಲಿ ನೆಲವು ಭೂಮಿಯ ಮೇಲೆ ಇರಲೇ ಇಲ್ಲ. ಪುತ್ತೂರಿನಿಂದ ಮಂಗಳೂರಿಗೆ ಇರುವ ದೂರಕ್ಕಿಂತಲೂ ಹೆಚ್ಚಿನ ತಪ್ಪು ಅದು!

ಇಷ್ಟರಿಂದಲೇ ತೃಪ್ತನಾಗದೆ ಲ್ಯಾಂಬ್ಟನ್ ಉತ್ತರದಕ್ಷಿಣ ರೇಖೆಯನ್ನು ಕೈಗೆತ್ತಿಕೊಂಡನು. ಬೆಂಗಳೂರಿನ ಸಮೀಪದಿಂದ ಕನ್ಯಾಕುಮಾರಿಯ ಕಡೆಗೆ ಸಾಗಿದ ಈ ಅಳತೆಯೇ ಮುಂದೆ ಮಹಾಚಾಪವೆಂದು ಪ್ರಸಿದ್ಧವಾಯಿತು. 1808ರಲ್ಲಿ ತಂಜಾವೂರಿನ ಬಯಲಿನಲ್ಲಿ ಬೆಟ್ಟಗಳಿಲ್ಲದುದರಿಂದ ಯಂತ್ರವನ್ನು ಬೃಹದೀಶ್ವರ ದೇವಾಲಯದ ಗೋಪುರಕ್ಕೆ ಏರಿಸುತ್ತಿದ್ದಾಗ ಹಗ್ಗವು ಕಡಿದು, ಯಂತ್ರವು ಗೋಡೆಗೆ ಬಡಿದು ಜಜ್ಜಿಹೋಯಿತು. ಅದರ ವೃತ್ತವೇ ಸೊಟ್ಟಗಾಯಿತು. ಅದನ್ನು ದುರಸ್ತಿಮಾಡುವವರು ಈ ದೇಶದಲ್ಲಿರಲಿಲ್ಲ. ಇನ್ನೊಬ್ಬನಾಗಿದ್ದರೆ ಕೈಚೆಲ್ಲುತ್ತಿದ್ದನು. ಲ್ಯಾಂಬ್ಟನ್ನನಾದರೋ ಡೇರೆಯೊಳಗೆ ಆರು ವಾರಗಳ ಕಾಲ ಕುಳಿತು, ಬೆಣೆ, ತಿರುಪು, ರಾಟೆಗಳನ್ನು ಬಳಸಿ, ಆ ಲೋಹದ ವೃತ್ತವನ್ನು ಕೂದಲೆಳೆಯಷ್ಟು ಎಳೆಯುತ್ತ ಮೊದಲಿನ ಆಕಾರಕ್ಕೆ ತಂದನು. ಆ ಯಂತ್ರವು ಮತ್ತೆ ಕೆಲಸಕ್ಕೆ ನಿಂತಿತು.

ಬಳಿಕ ಮಹಾಚಾಪವು ಉತ್ತರಕ್ಕೆ ತಿರುಗಿತು. 1815ರ ವೇಳೆಗೆ ಬೀದರಿನ ಸೀಮೆಯಲ್ಲಿ ಮತ್ತೊಂದು ಆಧಾರ ರೇಖೆಯು ಸಿದ್ಧವಾಯಿತು. ಲಂಡನ್ನಿನ ರಾಯಲ್ ಸೊಸೈಟಿಯು 1817ರಲ್ಲಿ ಲ್ಯಾಂಬ್ಟನ್ನನನ್ನು ತನ್ನ ಸದಸ್ಯನನ್ನಾಗಿ ಮಾಡಿಕೊಂಡಿತು. 1818ರಲ್ಲಿ ಈ ಕಾರ್ಯಕ್ಕೆ ಭಾರತದ ಮಹಾ ತ್ರಿಕೋನಮಿತೀಯ ಸರ್ವೇಕ್ಷಣೆಯೆಂಬ ಹೆಸರು ಬಂದಿತು. ಜಾರ್ಜ್ ಎವರೆಸ್ಟ್ ಎಂಬ ತರುಣನು ಅವನಿಗೆ ಸಹಾಯಕನಾಗಿ ನೇಮಕಗೊಂಡನು. ಅಷ್ಟರಲ್ಲಿ ಲ್ಯಾಂಬ್ಟನ್ನನ ದೇಹವು ಕುಗ್ಗಿತ್ತು. ಕೆಮ್ಮು ಕಾಡುತ್ತಿತ್ತು. ಆದರೂ ಡೇರೆಯನ್ನು ಬಿಟ್ಟು ಊರಿನ ಸುಖವನ್ನು ಅರಸಿ ಹೋಗಲಿಲ್ಲ. ಹೈದರಾಬಾದಿನಿಂದ ನಾಗಪುರದ ಕಡೆಗೆ ಸಾಗುತ್ತಿದ್ದಾಗ, 1823ರ ಜನವರಿ 20ರಂದು, ಹಿಂಗನಘಾಟ್ ಎಂಬಲ್ಲಿ ಅವನು ತೀರಿಕೊಂಡನು. ಆಗ ಅವನಿಗೆ ಸುಮಾರು ಎಪ್ಪತ್ತು ವಯಸ್ಸು. ಇಪ್ಪತ್ತು ವರ್ಷಗಳಲ್ಲಿ ಅವನ ತ್ರಿಕೋನಗಳು 1,65,000 ಚದರ ಮೈಲಿಗೂ ಹೆಚ್ಚಿನ ನೆಲವನ್ನು ಆವರಿಸಿದ್ದವು. ಅಳೆಯುತ್ತಿದ್ದ ದಾರಿಯಲ್ಲಿಯೇ ಅವನ ಸಮಾಧಿಯಾಯಿತು.

ಅವನು ಬಿಟ್ಟಲ್ಲಿಂದ ಎವರೆಸ್ಟನು ಮುಂದುವರಿದು ಮಹಾಚಾಪವನ್ನು ಹಿಮಾಲಯದ ತಪ್ಪಲಿನವರೆಗೆ ಒಯ್ದನು. ಅದೇ ಸರ್ವೇಕ್ಷಣೆಯು ಜಗತ್ತಿನ ಅತ್ಯುನ್ನತ ಶಿಖರವನ್ನು ಗುರುತಿಸಿತು. ರಾಧಾನಾಥ ಸಿಕ್ದರ್ ಎಂಬ ಭಾರತೀಯ ಗಣಿತಜ್ಞನು ಅದರ ಎತ್ತರದ ಲೆಕ್ಕದಲ್ಲಿ ದುಡಿದನು. 1865ರಲ್ಲಿ ಆ ಶಿಖರಕ್ಕೆ ಎವರೆಸ್ಟನ ಹೆಸರನ್ನಿಡಲಾಯಿತು. ಲ್ಯಾಂಬ್ಟನ್ನನ ಹೆಸರನ್ನು ಹೊತ್ತ ಪರ್ವತವಿಲ್ಲ. ತಳಪಾಯದ ಕಲ್ಲು ಕಣ್ಣಿಗೆ ಬೀಳುವುದಿಲ್ಲವಷ್ಟೆ.

ಇಂದು ಎರಡು ವಿಮಾನ ನಿಲ್ದಾಣಗಳ ನಡುವಿನ ದೂರವನ್ನು ತಿಳಿಯಲು ಯಾರೂ ಬೆಟ್ಟವನ್ನು ಏರಬೇಕಾಗಿಲ್ಲ. ಅವುಗಳ ಅಕ್ಷಾಂಶ, ರೇಖಾಂಶಗಳನ್ನು ಕೊಟ್ಟರೆ ಯಂತ್ರವು ಕ್ಷಣದಲ್ಲಿ ಉತ್ತರಿಸುತ್ತದೆ. ಮಂಗಳೂರಿನಿಂದ ದುಬೈಗೆ ಸುಮಾರು 2,450 ಕಿಲೋಮೀಟರು, ನಾಲ್ಕು ಗಂಟೆಗಳೊಳಗಿನ ಪ್ರಯಾಣ. ಎದುರುಗಾಳಿ ಬೀಸಿದರೆ ಪ್ರಯಾಣದ ಕಾಲವು ಹೆಚ್ಚುತ್ತದೆ, ಹಿಂದಿನಿಂದ ಬೀಸಿದರೆ ಕಡಿಮೆಯಾಗುತ್ತದೆ. ಆದರೆ ಎರಡು ಊರುಗಳ ನೇರ ದೂರವು ಗಾಳಿಗೆ ಬಗ್ಗುವುದಿಲ್ಲ. ವಿಮಾನಕ್ಕೆ ಎಷ್ಟು ಇಂಧನ ಬೇಕು, ಎಷ್ಟು ಹೊತ್ತಿಗೆ ಇಳಿಯಬೇಕು ಎಂಬುದನ್ನು ನಿರ್ಧರಿಸುವಾಗ ಮೊದಲು ಬೇಕಾಗುವುದು ಈ ದೂರವೇ. ಅದನ್ನು ಸರಿಯಾಗಿ ಹೇಳಬೇಕಾದರೆ ಭೂಮಿಯ ಆಕಾರವನ್ನು ಸರಿಯಾಗಿ ತಿಳಿದಿರಬೇಕು. ಭೂಮಧ್ಯದಲ್ಲಿ 6,378 ಕಿಲೋಮೀಟರಿರುವ ಭೂಮಿಯ ತ್ರಿಜ್ಯವು ಧ್ರುವಗಳಲ್ಲಿ 6,357 ಮಾತ್ರ. ಉಪಗ್ರಹಗಳ ನೆರವಿನಿಂದ ಇಂದು ನಿಖರವಾಗಿ ತಿಳಿದಿರುವ ಈ ಆಕಾರವನ್ನು ಅಂದು ಸರಪಣಿ, ದೂರದರ್ಶಕ, ನಕ್ಷತ್ರಗಳನ್ನು ನಂಬಿ ಹುಡುಕಿದವರ ಸಾಲಿನಲ್ಲಿ ಲ್ಯಾಂಬ್ಟನ್ನನು ಪ್ರಮುಖನು.

ಚೆನ್ನೈಯ ವಿಮಾನ ನಿಲ್ದಾಣವಿರುವುದು ಸೇಂಟ್ ಥಾಮಸ್ ಬೆಟ್ಟದ ಸಮೀಪದಲ್ಲಿಯೇ. 1802ರಲ್ಲಿ ಮೊದಲ ಸರಪಣಿಯನ್ನು ಹಾಸಿದ್ದು ಆ ಬೆಟ್ಟದ ಬಳಿಯ ಬಯಲಿನಲ್ಲಿ. ಹೀಗಾಗಿ ಮಂಗಳೂರಿನಿಂದ ಹೊರಟು ಅಲ್ಲಿ ಇಳಿಯುವ ಪ್ರಯಾಣಿಕನು ತನಗರಿವಿಲ್ಲದೆಯೇ ಲ್ಯಾಂಬ್ಟನ್ನನ ದಾರಿಯನ್ನು ಹಿಮ್ಮುಖವಾಗಿ ಕ್ರಮಿಸುತ್ತಾನೆ. ಅವನಿಗೆ ಬೇಕಾಗುವುದು ಒಂದೂವರೆ ಗಂಟೆ. ಲ್ಯಾಂಬ್ಟನ್ನನಿಗೆ ಬೇಕಾದುದು ಸುಮಾರು ನಾಲ್ಕು ವರ್ಷ. ಆ ನಾಲ್ಕು ವರ್ಷಗಳಲ್ಲಿ ಅವನು ಅಂಗುಲದ ತಪ್ಪನ್ನೂ ಅಲಕ್ಷಿಸಲಿಲ್ಲ; ಬಾವುಟವು ಕಾಣದ ದಿನ ಕಂಡಿತೆಂದು ಬರೆಯಲಿಲ್ಲ. ಸತ್ಯಕ್ಕಾಗಿ ಕಾಯುವ ಈ ತಾಳ್ಮೆಯೇ ಅವನ ಬಾಳಿನ ನಿಜವಾದ ಅಳತೆಗೋಲು. ಪುತ್ತೂರಿನ ಗುಡ್ಡವೊಂದರ ಮೇಲೆ ನಿಂತು ಪೂರ್ವದ ಘಟ್ಟಗಳನ್ನು ನೋಡುವ ವಿದ್ಯಾರ್ಥಿಗೆ, ಆ ನೀಲಿ ಶಿಖರಗಳಲ್ಲಿ ಒಂದು ಕಾಲಕ್ಕೆ ಬಾವುಟಗಳು ಹಾರುತ್ತಿದ್ದವೆಂಬುದೂ ಅವುಗಳನ್ನು ಒಂದೇ ಕಣ್ಣಿನಿಂದ ನೋಡುತ್ತ ಒಬ್ಬನು ಕಾದು ನಿಂತಿದ್ದನೆಂಬುದೂ ನೆನಪಿಗೆ ಬಂದರೆ ಸಾಕು.